ಟಿಕೆಟ್ ಕಿಂಡಿಯಲ್ಲಿ ಈಗ ತರಕಾರಿ ಬೀಜ: ನನ್ನ ಅನುಭವ

ಮುಚ್ಚಿದ್ದ ರೈಲ್ವೆ ಟಿಕೆಟ್ ಕೌಂಟರಿನ ಬೀಗ ತೆಗೆಸಿ ಒಳಗೆ ಗುಡಿಸ್ತಾ ಇದ್ದೆ. ಹೊರಗಿಂದ ಒಬ್ಬರು ಬ್ಯಾರಿ ಅಜ್ಜ ಬಂದು ಕಿಂಡಿಯೊಳಗೆ ಕೈ ಹಾಕಿ ಹತ್ತು ರೂಪಾಯಿಯ ನಾಣ್ಯ ಇಟ್ಟು "ಕುಂಬಳೆಗೆ ಒಂದು" ಅಂದ್ರು. ಕಿಂಡಿಯ ಕೆಳಗಿನ ಮರದ ಹಲಗೆ ಇದೆಯಲ್ಲಾ, ಅದರ ನಡುವಲ್ಲಿ ಎಷ್ಟೋ ವರ್ಷದ ನಾಣ್ಯ ಉಜ್ಜಿ ಉಜ್ಜಿ ಅಂಗೈಯಷ್ಟು ಅಗಲಕ್ಕೆ ಸವೆದು ತಗ್ಗಾಗಿದೆ, ಅವರ ನಾಣ್ಯ ಸರಿಯಾಗಿ ಆ ತಗ್ಗಿಗೇ ಹೋಗಿ ಕೂತಿತು. ಅದು 2023ರ ಮೇ ತಿಂಗಳು, ಕೌಂಟರ್ ಮುಚ್ಚಿ ಮೂರು ವರ್ಷ ದಾಟಿತ್ತು. ಆಗ ಕನಿಷ್ಠ ಚಾರ್ಜು 30 ರೂಪಾಯಿ ಆಗಿತ್ತು, ಅಜ್ಜನಿಗೆ ಕೊರೊನಾ ಮೊದಲಿನ ಹತ್ತೇ ಲೆಕ್ಕ. ನನಗೆ ಏನು ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ, "ಈಗ ಇಲ್ಲಿ ಟಿಕೆಟ್ ಇಲ್ಲ ಅಜ್ಜ" ಅಂದೆ. "ಹಾಗಾದ್ರೆ ನೀನು ಒಳಗೆ ಎಂತ ಮಾಡ್ತೀ?" ಅಂತ ಕೇಳಿದ್ರು.

ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಗ್ಲಿಕ್ಕೆ ಒಂದು ವರ್ಷ ಹೋಯ್ತು.

ನಾನು 2008ರಿಂದ 2020ರ ಮಾರ್ಚ್ ವರೆಗೆ ಕಾಸರಗೋಡು ಜಿಲ್ಲೆಯ, ಕೆಲವೇ ರೈಲು ನಿಲ್ಲುವ ಒಂದು ಸಣ್ಣ ಹಾಲ್ಟ್‌ನಲ್ಲಿ ಟಿಕೆಟ್ ಕೊಡ್ತಾ ಇದ್ದೆ. ರೈಲ್ವೆ ನೌಕರ ಅಲ್ಲ, ಹಾಲ್ಟ್ ಏಜೆಂಟ್. ಹತ್ತಿರದ ದೊಡ್ಡ ಸ್ಟೇಷನ್‌ಗೆ ಹೋಗಿ ಮೊದಲೇ ದುಡ್ಡು ಕಟ್ಟಿ ಟಿಕೆಟ್ ಕಟ್ಟು ತರ್ಬೇಕು, ಕಿಂಡಿಯಲ್ಲಿ ಕೂತು ಮಾರ್ಬೇಕು, ಮಾರಿದ್ದಕ್ಕೆ ಕಮಿಷನ್. ನಮ್ಮದು 1907ರಲ್ಲಿ ಮಂಗಳೂರು ಮುಟ್ಟಿದ ಶೊರ್ನೂರು ಲೈನು. ಬೆಳಿಗ್ಗೆ ಮಂಗಳೂರಿನ ಕಾಲೇಜಿಗೆ ಹೋಗುವ ಮಕ್ಕಳು, ಮಂಗಳೂರಿನ ಆಸ್ಪತ್ರೆಗೆ ಹೋಗುವ ರೋಗಿಗಳು, ಮೀನಿನ ಬುಟ್ಟಿಯ ಅಕ್ಕಂದಿರು, ಇವರೇ ನನ್ನ ಗಿರಾಕಿಗಳು. 2020ರ ಮಾರ್ಚ್ ಕೊನೆಗೆ ದೇಶದಲ್ಲಿ ಪ್ಯಾಸೆಂಜರ್ ರೈಲೆಲ್ಲ ನಿಂತಾಗ ಉಳಿದ ಟಿಕೆಟ್ ವಾಪಸ್ ಕೊಟ್ಟು ಬೀಗ ಹಾಕಿದ್ದು, ಆಮೇಲೆ ರೈಲು ಬಂತು, ನಮ್ಮಲ್ಲಿ ನಿಲ್ಲುವುದು ಎರಡೇ ಆಯ್ತು, ಚಾರ್ಜು ಮೂರು ಪಟ್ಟು ಆಯ್ತು, ಜನ ಬಸ್ಸಿಗೆ ಹೋದ್ರು, ಅಷ್ಟು ಕಮಿಷನ್‌ನಲ್ಲಿ ಕೂತುಕೊಳ್ಳಲು ನನ್ನನ್ನೂ ಸೇರಿಸಿ ಯಾರಿಗೂ ಆಗ್ಲಿಲ್ಲ. 2024ರ ಫೆಬ್ರವರಿಯಲ್ಲಿ ಚಾರ್ಜು ಪುನಃ ಹತ್ತಕ್ಕೆ ಇಳಿಯಿತು, ಕೌಂಟರ್ ಮಾತ್ರ ತೆರೀಲಿಲ್ಲ.

ಕಟ್ಟಡ ದೊಡ್ಡದೇನಲ್ಲ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಒಂದು ಕೋಣೆ, ಎದುರು ಒಂದು ಜಗಲಿ. ಮೂರು ಮಳೆಗಾಲ ಬಾಗಿಲು ಹಾಕಿಟ್ರೆ ಇಲ್ಲಿ ಏನಾಗ್ತದೆ ಅಂತ ನಮ್ಮ ಊರಿನವರಿಗೆ ಹೇಳ್ಬೇಕಾಗಿಲ್ಲ. ಎರಡು ಪಕ್ಕಾಸು (ಹಂಚು ಹೊರುವ ಮರದ ಪಟ್ಟಿ) ಗೆದ್ದಲು ತಿಂದಿತ್ತು, ಒಡೆದ ಹಂಚಿನ ಕೆಳಗೆ ಗೋಡೆ ಹಸಿರಾಗಿತ್ತು, ಬಾವಲಿ ಹಿಕ್ಕೆ ವಾಸನೆ. ಇದನ್ನು ಬೀಳ್ಲಿಕ್ಕೆ ಬಿಡುವುದು ಬೇಡ ಅಂತ ನಾನು, ರಿಟೈರ್ ಆದ ಒಬ್ಬರು ಕನ್ನಡ ಮಾಷ್ಟ್ರು, ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಘಟಕದ ಒಬ್ಬರು ಅಕ್ಕ, ಮತ್ತೆ ಒಬ್ಬ ಇಲೆಕ್ಟ್ರಿಷಿಯನ್ ಹುಡುಗ, ನಾಲ್ಕು ಜನ ಸೇರಿದ್ದು.

ಪರ್ಮಿಷನ್ ವಿಷಯದಲ್ಲಿ ನಾವು ಮಾಡಿದ ತಪ್ಪು ಬೇರೆಯವರು ಮಾಡದಿರಲಿ ಅಂತ ಬರೀತೇನೆ. ಒಂದೇ ಅರ್ಜಿ ಬರೆದು ಒಂದೇ ಕಡೆ ಕೊಟ್ಟು ಆರು ತಿಂಗಳು ಕಾದೆವು. ರೈಲ್ವೆಯಲ್ಲಿ ಕಟ್ಟಡ ನೋಡಿಕೊಳ್ಳುವುದು ಇಂಜಿನಿಯರಿಂಗ್ ವಿಭಾಗ, ಟಿಕೆಟು ವ್ಯಾಪಾರ ಎಲ್ಲ ಕಮರ್ಷಿಯಲ್ ವಿಭಾಗ, ಕರೆಂಟು ಇನ್ನೊಂದು ವಿಭಾಗ. ನಮ್ಮ ಅರ್ಜಿಯಲ್ಲಿ ಕರೆಂಟು ಬಿಲ್ಲು ಯಾರು ಕಟ್ಟುವುದು, ಮಾಡು ಸೋರಿದ್ರೆ ಯಾರು ಸರಿ ಮಾಡುವುದು, ರಾತ್ರಿ ಬೀಗದ ಜವಾಬ್ದಾರಿ ಯಾರದ್ದು, ಇದೊಂದೂ ಇರ್ಲಿಲ್ಲ, "ಊರಿಗೆ ಉಪಯೋಗ ಆಗ್ತದೆ" ಅಂತ ಎರಡು ಪುಟ ಬರೆದದ್ದು ಮಾತ್ರ. ಎರಡನೇ ಸಲ ಈ ಮೂರಕ್ಕೂ ಉತ್ತರ ಬರೆದು, ನೀಲಿ ಶಾಯಿಯಲ್ಲಿ ಕೋಣೆಯ ಒಂದು ಸ್ಕೆಚ್ ಹಾಕಿ, ಮೂರು ವಿಭಾಗಕ್ಕೂ ಪ್ರತಿ ಕೊಟ್ಟೆವು. ಕೆಳಗೆ ಊರಿನವರ ಸಹಿ ಕನ್ನಡದಲ್ಲಿ, ಮಲಯಾಳದಲ್ಲಿ, ಇಂಗ್ಲಿಷಲ್ಲಿ, ಕೆಲವರದ್ದು ಹೆಬ್ಬೆಟ್ಟು. ಒಂದು ವರ್ಷಕ್ಕೆ ಅಂತ ಒಪ್ಪಿಗೆ ಬಂತು, ಪ್ರತಿ ವರ್ಷ ನವೀಕರಿಸ್ಬೇಕು, ಗೋಡೆ ಒಡೀಬಾರ್ದು, ರೈಲ್ವೆಯ ಸಾಮಾನು ಹೊರಗೆ ಹೋಗಬಾರ್ದು.

ಮೊದಲು ಮಾಡಿದ್ದು ವಾಚನಾಲಯ. ಕೇರಳದಲ್ಲಿ ಗ್ರಂಥಾಲಯ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ಅವರ ನೆನಪಿಗೆ ಜೂನ್ 19 ವಾಚನಾ ದಿನ, ಅದೇ ದಿನ ಉದ್ಘಾಟನೆ ಆಗ್ಬೇಕು ಅಂತ ಮಾಷ್ಟ್ರಿಗೆ ಆಸೆ. ಆಸೆ ಒಳ್ಳೇದೇ, ಆದ್ರೆ ಜೂನ್ 19 ಅಂದ್ರೆ ಇಲ್ಲಿ ಜಡಿಮಳೆ. ಊರವರು ಪ್ರೀತಿಯಿಂದ ಕೊಟ್ಟ ನಾನೂರು ಚಿಲ್ಲರೆ ಪುಸ್ತಕ ಆಗಷ್ಟೇ ಸುಣ್ಣ ಬಳಿದ ಹಸಿ ಗೋಡೆಗೆ ಒರಗಿಸಿ ಇಟ್ಟೆವು. ಆಗಸ್ಟಿಗೆ ಬೂಷ್ಟು ಹಿಡಿದು ಹಾಳೆ ಹಾಳೆಗೆ ಅಂಟಿಕೊಂಡಿತ್ತು. ಅದಕ್ಕಿಂತ ದೊಡ್ಡ ತಪ್ಪು ಬೀಗದ ಕೈಯದ್ದು. ಬೀಗದ ಕೈ ಇದ್ದದ್ದು ಮಾಷ್ಟ್ರ ಮನೆಯಲ್ಲಿ, ಅವರು ಬರುವುದು ಹತ್ತು ಗಂಟೆಗೆ, ರೈಲು ಬರುವುದು ಏಳೂವರೆಗೆ ಮತ್ತೆ ಸಂಜೆ ಆರರ ಹೊತ್ತಿಗೆ. ಜನ ಇರುವಾಗ ಬಾಗಿಲು ಹಾಕಿರ್ತಿತ್ತು, ಬಾಗಿಲು ತೆಗೆದಾಗ ಜನ ಇರ್ತಿರ್ಲಿಲ್ಲ.

ಆಗ ನನಗೆ ಹೊಳೆದದ್ದು ಇಷ್ಟು: ಇಂಥ ಕೋಣೆಯಲ್ಲಿ ಏನು ಇಡ್ಬೇಕು ಅಂತ ಮೊದಲು ಯೋಚಿಸುವುದಲ್ಲ, ರೈಲಿನ ಹೊತ್ತಿಗೆ ಕಿಂಡಿಯ ಹಿಂದೆ ಯಾರು ಕೂತುಕೊಳ್ತಾರೆ ಅಂತ ಮೊದಲು ನೋಡ್ಬೇಕು. ಹನ್ನೆರಡು ವರ್ಷ ನನ್ನ ಹತ್ರ ಜನ ಟಿಕೆಟಿಗೆ ಮಾತ್ರ ಬಂದದ್ದಲ್ಲ. ರೈಲು ಲೇಟಾ, ಆಸ್ಪತ್ರೆಗೆ ಯಾವ ಸ್ಟೇಷನಲ್ಲಿ ಇಳಿದ್ರೆ ಹತ್ತಿರ, ಈ ಚೀಟಿಯಲ್ಲಿ ಎಂತ ಬರೆದದ್ದು ಓದಿ ಹೇಳಿ, ಮಗಳು ಆರು ಗಂಟೆ ರೈಲಲ್ಲಿ ಇಳಿದ್ಲಾ, ಇದೆಲ್ಲ ಕೇಳ್ಲಿಕ್ಕೆ ಒಂದು ಮುಖ ಬೇಕಿತ್ತು. ಇಂಗ್ಲೆಂಡಲ್ಲಿ ಇರುವ ನನ್ನ ಅಕ್ಕನ ಮಗ ಫೋನಲ್ಲಿ ಹೇಳಿದ, 2023ರಲ್ಲಿ ಅಲ್ಲಿ ಸಾವಿರದಷ್ಟು ಸ್ಟೇಷನ್‌ಗಳ ಟಿಕೆಟ್ ಕೌಂಟರ್ ಮುಚ್ಚುವ ಪ್ಲಾನ್ ಬಂತಂತೆ, ಏಳೂವರೆ ಲಕ್ಷದಷ್ಟು ಜನ ಅಭಿಪ್ರಾಯ ಬರೆದು ಕಳಿಸಿದ್ರು, ಕಣ್ಣು ಕಾಣದವರು, ವಯಸ್ಸಾದವರು ಜೋರು ವಿರೋಧ ಮಾಡಿದ್ರು, ಅಕ್ಟೋಬರ್ 31ಕ್ಕೆ ಪ್ಲಾನನ್ನೇ ಕೈಬಿಟ್ರು. ಅಲ್ಲಿಯವರಿಗೂ ಮೆಷಿನ್ ಉಂಟು, ಫೋನ್ ಉಂಟು. ಆದ್ರೂ ಕಿಂಡಿಯ ಹಿಂದೆ ಮನುಷ್ಯ ಬೇಕು ಅಂದ್ರಲ್ಲ, ನನಗೆ ಅದು ಚೆನ್ನಾಗಿ ಅರ್ಥ ಆಗ್ತದೆ.

ಎರಡನೇದು ಕುಟುಂಬಶ್ರೀ ಅಕ್ಕಂದಿರ ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ. ಅವರು ಏಳು ಗಂಟೆಗೇ ಬಂದು ಕೂತುಕೊಳ್ಳಲು ತಯಾರಿದ್ರು, ಹಾಗಾಗಿ ನನಗೆ ಭಾರಿ ಖುಷಿ. ಮೂರನೇ ದಿನ ತಿಳಿದವರು ಒಬ್ಬರು ಎಚ್ಚರಿಸಿದ್ರು, ರೈಲ್ವೆ ಜಾಗದಲ್ಲಿ ಲೈಸೆನ್ಸ್ ಇಲ್ಲದೆ ಮಾರಿದ್ರೆ 1989ರ ರೈಲ್ವೆ ಕಾಯ್ದೆ 144ನೇ ಸೆಕ್ಷನ್ ಪ್ರಕಾರ ಅಪರಾಧ ಅಂತ. ನಮ್ಮ ಒಪ್ಪಿಗೆ ಪತ್ರದಲ್ಲಿ ವ್ಯಾಪಾರ ಅಂತ ಇರ್ಲಿಲ್ಲ. ಅದೇ ದಿನ ನಿಲ್ಲಿಸಿದೆವು. ಊರಿನ ವಸ್ತುಗಳ ಮಾರಾಟಕ್ಕೆ 2022ರಲ್ಲಿ ಶುರುವಾದ 'ಒಂದು ಸ್ಟೇಷನ್ ಒಂದು ಉತ್ಪನ್ನ' ಅಂತ ರೈಲ್ವೆ ಸ್ಕೀಮ್ ಬೇರೆಯೇ ಉಂಟು, ಆದ್ರೆ ದಿನಕ್ಕೆ ಎರಡು ರೈಲು ನಿಲ್ಲುವ ಜಾಗದಲ್ಲಿ ಅದು ಗಿಟ್ಟುವುದಿಲ್ಲ ಅಂತ ನನ್ನ ಅಭಿಪ್ರಾಯ.

ದುಡ್ಡು ಇಲ್ಲದೆ ನಡೆಯುವ ಕೆಲಸ ಬೇಕು, ಅಕ್ಕಂದಿರು ಕೂತುಕೊಳ್ಳುವಂಥದ್ದು ಬೇಕು. ಅದನ್ನು ತೋರಿಸಿಕೊಟ್ಟದ್ದು ಮೂಲೆಯಲ್ಲಿದ್ದ ಟಿಕೆಟ್ ಕಪಾಟು.

ಹಳೇ ರಟ್ಟಿನ ಟಿಕೆಟ್ ನೋಡಿದವರಿಗೆ ನೆನಪಿರ್ಬಹುದು, ಹೆಬ್ಬೆರಳಿನಷ್ಟು ಉದ್ದ, ಗಟ್ಟಿ ರಟ್ಟು. ಅದರ ಅಳತೆ 57 ಮಿಲಿಮೀಟರ್ ಉದ್ದ, 30.5 ಅಗಲ. ಥಾಮಸ್ ಎಡ್ಮಂಡ್ಸನ್ ಅಂತ ಇಂಗ್ಲೆಂಡಿನ ಒಬ್ಬ ಸ್ಟೇಷನ್ ಮಾಸ್ತರ 1830ರ ದಶಕದಲ್ಲಿ ಇದನ್ನು ಶುರು ಮಾಡಿದ್ದು, ಅವ ಮೊದಲು ಮರಗೆಲಸದವ. ಟಿಕೆಟಿನ ಕಪಾಟು ನೋಡಿದ್ರೆ ಅದು ಬಡಗಿಯ ತಲೆ ಅಂತ ಗೊತ್ತಾಗ್ತದೆ: ಉದ್ದ ಉದ್ದ ಸಣ್ಣ ಖಾನೆ, ಮೇಲಿಂದ ಕಟ್ಟು ತುಂಬಿಸುವುದು, ಕೆಳಗಿಂದ ಒಂದೊಂದೇ ಬೆರಳಲ್ಲಿ ಎಳೆಯುವುದು. ನಮ್ಮದರಲ್ಲಿ 24 ಖಾನೆ. ಪ್ರತಿಯೊಂದರ ಕೆಳಗೆ ಬಿಳಿ ಪೈಂಟಲ್ಲಿ ಊರಿನ ಹೆಸರು, ಮಂಗಳೂರು, ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು, ಕಾಞಂಗಾಡು, ಕಣ್ಣೂರು ಹೀಗೆ.

ಕುಟುಂಬಶ್ರೀ ಅಕ್ಕ ಒಂದು ದಿನ ಸೀರೆ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಬೆಂಡೆ ಬೀಜ ಒಂದು ಕ್ಯಾಲೆಂಡರ್ ಕಾಗದದಲ್ಲಿ ಮಡಚಿ "ಇದು ನಿಮ್ಮ ಮನೆಯವರಿಗೆ" ಅಂತ ಕೊಟ್ರು. ಇಡ್ಲಿಕ್ಕೆ ಜಾಗ ಇಲ್ಲ ಅಂತ ನಾನು ಆ ಪೊಟ್ಟಣವನ್ನು ಕಣ್ಣೂರು ಖಾನೆಗೆ ತುರುಕಿದೆ. ಸರೀ ಕೂತಿತು. ಇಬ್ಬರೂ ಒಂದು ನಿಮಿಷ ಅದನ್ನೇ ನೋಡಿದೆವು.

ಈಗ ಅದೇ ನಡೀತಾ ಉಂಟು. ಹಳೇ ಕ್ಯಾಲೆಂಡರ್ ಹಾಳೆ ಕತ್ತರಿಸಿ, ಹಳೇ ಟಿಕೆಟ್ ಒಂದನ್ನು ಅಚ್ಚಿನ ಹಾಗೆ ಒಳಗಿಟ್ಟು ಮಡಚಿ, ಅನ್ನದ ಅಂಟು ಹಾಕಿ ಪೊಟ್ಟಣ. ಸಣ್ಣ ಬೀಜ ಒಂದು ಚಿಟಿಕೆ, ದೊಡ್ಡದಾದ್ರೆ ಹತ್ತು. ಬೇಕಾದವರು ತಗೊಂಡು ಹೋಗಿ ಬೆಳೆದು, ಫಸಲು ಬಂದ್ರೆ ಮುಂದಿನ ವರ್ಷ ಎರಡು ಪೊಟ್ಟಣ ವಾಪಸ್ ಕೊಡ್ಬೇಕು. ದುಡ್ಡಿಲ್ಲ. ಬೀಜ ಮಾರ್ಲಿಕ್ಕೆ 1983ರ ಬೀಜ ನಿಯಂತ್ರಣ ಆದೇಶದ ಪ್ರಕಾರ ಲೈಸೆನ್ಸ್ ಬೇಕು, ಆದ್ರೆ ರೈತ ತಾನು ಬೆಳೆದ ಬೀಜವನ್ನು ಬ್ರಾಂಡ್ ಹೆಸರು ಹಾಕದೆ ಇಟ್ಟುಕೊಳ್ಳುವುದು, ಬದಲಾಯಿಸುವುದು, ಹಂಚುವುದು 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಕಾಯ್ದೆಯಲ್ಲಿ ಅವನ ಹಕ್ಕು. ಇದನ್ನು ಮಾಷ್ಟ್ರು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಹಾಕಿದ್ದಾರೆ. ನಮ್ಮದೇ ಜಿಲ್ಲೆಯ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿ 2024ರಲ್ಲಿ ಪದ್ಮಶ್ರೀ ಪಡೆದಾಗ ನಮ್ಮ ಅಕ್ಕಂದಿರಿಗೆ ತಮ್ಮ ಕೈಯಲ್ಲಿದ್ದ ಬೀಜದ ಬಗ್ಗೆ ಇನ್ನೊಂದು ರೀತಿಯ ಅಭಿಮಾನ ಬಂತು, ಅದನ್ನು ನಾನು ಕಣ್ಣಾರೆ ಕಂಡೆ.

ಬೂಷ್ಟು ಪುಸ್ತಕ ಬಿಡ್ಲಿಲ್ಲ, ಬೀಜ ಬಿಡ್ತದಾ ಅಂತ ಭಯ ಇತ್ತು. ಹಾಗಾಗಿ ಖಾನೆಯಲ್ಲಿ ಇಡುವುದು ಪತ್ತನಾಜೆಯ (ತುಳು ಬೇಶ ತಿಂಗಳ ಹತ್ತನೇ ದಿನ, ಮೇ ಕೊನೆಯ ಹೊತ್ತಿಗೆ) ಮೊದಲು ಹದಿನೈದು ದಿನ ಮತ್ತೆ ಮಳೆ ಬಿಟ್ಟ ಮೇಲೆ ಮಾತ್ರ. ಉಳಿದ ದಿನ ತಗಡಿನ ಡಬ್ಬಿಯಲ್ಲಿ, ತಳಕ್ಕೆ ಕೆಂಪಗೆ ಹುರಿದು ತಣಿಸಿದ ಅಕ್ಕಿ, ಅದರ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಪೊಟ್ಟಣ. ಹುರಿದ ಅಕ್ಕಿ ತೇವ ಎಳೀತದೆ, ತಿಂಗಳಿಗೊಮ್ಮೆ ಅಕ್ಕಿ ಪುನಃ ಹುರೀಬೇಕು. ಅಲಸಂಡೆಗೆ ಬೂದಿ ಬೆರೆಸದಿದ್ರೆ ಕುಟ್ಟೆ ಹುಳ ಗ್ಯಾರಂಟಿ. ಸೌತೆಯ ಬೀಜ ತೆಗೆದೇ ಇಡುವುದಿಲ್ಲ, ಬಲಿತ ಸೌತೆಕಾಯಿಯನ್ನೇ ಬಾಳೆನಾರಲ್ಲಿ ಕಟ್ಟಿ ಪಕ್ಕಾಸಿಗೆ ತೂಗು ಹಾಕುವುದು, ನಮ್ಮ ಅಜ್ಜಿಯಂದಿರು ಅಡಿಗೆ ಕೋಣೆಯಲ್ಲಿ ಹಾಕ್ತಾ ಇದ್ದ ಹಾಗೆ. ಗಾಳಿ ಬಂದಾಗ ಟಿಕೆಟ್ ಆಫೀಸಿನ ಮಾಡಲ್ಲಿ ಸಾಲಾಗಿ ಹಳದಿ ಸೌತೆ ಅಲ್ಲಾಡುವುದು ನೋಡ್ಲಿಕ್ಕೆ ಚಂದ. ಕೊಡುವ ಮೊದಲು ಪ್ರತಿ ಡಬ್ಬಿಯಿಂದ ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡ್ತೇವೆ, ಏಳಕ್ಕಿಂತ ಕಮ್ಮಿ ಮೊಳಕೆ ಬಂದ್ರೆ ಆ ಡಬ್ಬಿ ಕೊಡುವುದಿಲ್ಲ.

ರಿಜಿಸ್ಟರ್ ಬರೆಯುವಾಗ ಒಂದು ಗಲಾಟೆ ಆಯ್ತು. ನಾನು ಹೀರೆ ಅಂತ ಬರೆದೆ, ತುಳುವಿನವರು ಪೀರೆ ಅಂದ್ರು, ಮಲಯಾಳದವರು ಪೀಚಿಙ್ಙ. ಅಲಸಂಡೆಗೆ ಲತ್ತಂಡೆ, ಪಯರ್. ಕೊನೆಗೆ ಮೂರೂ ಬರೀಲಿಕ್ಕೆ ಶುರು ಮಾಡಿದೆವು. ಆದ್ರೆ ಕಿಂಡಿಯಲ್ಲಿ ಜನ ಹೇಳುವುದು ನಾಲ್ಕನೇ ಹೆಸರು, ಖಾನೆಯ ಕೆಳಗಿನ ಊರಿನ ಹೆಸರು. ಬಿಳಿ ಪೈಂಟ್ ನಾವು ಅಳಿಸ್ಲಿಲ್ಲ. ಶಾಲೆಯ ಮಕ್ಕಳು ಬಂದು "ಎರಡು ಉಪ್ಪಳ, ಒಂದು ಕಣ್ಣೂರು" ಅಂತ ಕೇಳ್ತಾರೆ, ಅಂದ್ರೆ ಎರಡು ಹರಿವೆ, ಒಂದು ಬೆಂಡೆ.

ಬೆಳಿಗ್ಗೆ ಏಳರಿಂದ ಎಂಟು, ಸಂಜೆ ಐದೂವರೆಯಿಂದ ಆರೂವರೆ, ಸರದಿಯಲ್ಲಿ ಒಬ್ಬರು ಅಕ್ಕ ಅಥವಾ ನಾನು ಕೂತಿರ್ತೇವೆ. ಕಪಾಟನ್ನು ಕಿಂಡಿಗೆ ಅಡ್ಡ ಇಟ್ರೆ ಜಾಗ ಉಳಿತದೆ ಅಂತ ಇಲೆಕ್ಟ್ರಿಷಿಯನ್ ಹುಡುಗ ಹೇಳಿದ್ದ, ನಾನು ಬಿಡ್ಲಿಲ್ಲ, ಅಜ್ಜನ ಕೈ ಬಂದ ಕಿಂಡಿ ಅದು. ಬೀಜ ಬೇಡದವರೂ ಕಿಂಡಿಗೆ ಬರ್ತಾರೆ. ಫೋನಲ್ಲಿ ಟಿಕೆಟ್ ಮಾಡುವುದು ಅವರದೇ ಫೋನಲ್ಲಿ ತೋರಿಸಿಕೊಡ್ತೇವೆ, 2025ರ ಜುಲೈಯಲ್ಲಿ ರೈಲ್ವೆಯ ಹೊಸ ರೈಲ್‌ಒನ್ ಆಪ್ ಬಂದ ಮೇಲೆ ಎಲ್ಲರಿಗೂ ಇನ್ನೊಮ್ಮೆ ಮೊದಲಿಂದ ಹೇಳಿಕೊಡ್ಬೇಕಾಯ್ತು. ಫೋನೇ ಇಲ್ಲದವರಿಗೆ ಮಾತ್ರ ನಮ್ಮ ಹತ್ರ ದಾರಿ ಇಲ್ಲ, ಅವರು ಆಟೋ ಮಾಡಿ ದೊಡ್ಡ ಸ್ಟೇಷನ್‌ಗೆ ಹೋಗ್ಬೇಕು, ಹತ್ತು ರೂಪಾಯಿಯ ಟಿಕೆಟಿಗೆ ಎಷ್ಟೋ ಪಟ್ಟು ಆಟೋ ಬಾಡಿಗೆ. ಇದು ನನ್ನ ಮನಸ್ಸಿಗೆ ಈಗಲೂ ನೋವು. ಕಿಂಡಿಯಲ್ಲಿ ಪುನಃ ಟಿಕೆಟ್ ಕೊಡ್ತೇವೆ ಅಂತ ಯಾವತ್ತು ಹೇಳಿದ್ರೂ ಕಪಾಟು ಅದೇ ದಿನ ಖಾಲಿ ಮಾಡಿ ಕೊಡ್ತೇವೆ ಅಂತ ನವೀಕರಣದ ಅರ್ಜಿಯಲ್ಲೇ ಬರೆದಿದ್ದೇನೆ.

ಆ ಬ್ಯಾರಿ ಅಜ್ಜ ಕಳೆದ ವರ್ಷ ಪತ್ತನಾಜೆಯ ಮುಂಚಿನ ವಾರ ಬಂದ್ರು. ಈ ಸಲ ಜೊತೆಗೆ ಮೊಮ್ಮಗಳು, ಟಿಕೆಟ್ ಅವಳ ಫೋನಲ್ಲಿ. ಅಜ್ಜ ಕಿಂಡಿಯೊಳಗೆ ಕೈ ಹಾಕಿ ಹಲಗೆಯ ತಗ್ಗಿನಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಕಟ್ಟು ಇಟ್ರು. ಒಳಗೆ ಬಿಳಿ ಬದನೆಯ ಬೀಜ, ಅವರ ಹೆಂಡತಿ ಇದ್ದಾಗ ಬೆಳೆಸ್ತಾ ಇದ್ದದ್ದು. ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಇಟ್ಟೆವು, ಎಂಟು ದಿನಕ್ಕೆ ನಾಲ್ಕೇ ಮೊಳಕೆ ಬಂತು. ನಿಯಮ ಪ್ರಕಾರ ಅದನ್ನು ಹಂಚುವ ಹಾಗಿಲ್ಲ, ಆ ನಾಲ್ಕನ್ನು ನಾನು ನಮ್ಮ ಅಂಗಳದಲ್ಲಿ ನೆಟ್ಟೆ. ಮೂರು ಗಿಡ ಉಳಿದಿದೆ. ಕಾಯಿ ಬಲಿಯಲಿಕ್ಕೆ ಬಿಟ್ಟಿದ್ದೇನೆ, ಬೀಜ ಒಣಗಿದ ಮೇಲೆ ಕುಂಬಳೆ ಖಾನೆಗೆ ಹಾಕುವುದು.