ಪೆಂಗ್ವಿನ್ ಕಾಯುವ ನಾಯಿಯನ್ನು ತಯಾರು ಮಾಡುವುದು ಹೇಗೆ?

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ವಾರ್ನಂಬೂಲ್ ಪಟ್ಟಣದ ಅಂಚಿಗಿರುವ ಮಿಡಲ್ ಐಲ್ಯಾಂಡ್ ಎಂಬ ನಡುಗಡ್ಡೆಯಲ್ಲಿ ಹಿಂದೆ ನೂರಾರು ಪುಟ್ಟ ಪೆಂಗ್ವಿನ್‌ಗಳಿದ್ದವು. ಸಮುದ್ರ ಇಳಿದಾಗ ಕೆಂಪು ನರಿಗಳು ಸುಲಭವಾಗಿ ದಾಟಿ ಬಂದು ಬೇಟೆಯಾಡಿದ್ದರಿಂದ 2005ರ ಹೊತ್ತಿಗೆ ಹತ್ತೂ ಉಳಿದಿರಲಿಲ್ಲ. ಕೋಳಿ ಸಾಕುತ್ತಿದ್ದ ಸ್ಥಳೀಯ ರೈತರೊಬ್ಬರು ಸೂಚಿಸಿದಂತೆ 2006ರಲ್ಲಿ ಇಟಲಿ ಮೂಲದ ಮರೆಮ್ಮಾ ತಳಿಯ ಕಾವಲು ನಾಯಿಯನ್ನು ಅಲ್ಲಿ ಬಿಡಲಾಯಿತು. ಆಮೇಲೆ ಪೆಂಗ್ವಿನ್‌ಗಳು ಮತ್ತೆ ಹೆಚ್ಚಿದವು. ನಾಯಿ ಬಿಟ್ಟರೆ ಸಾಕು ಎಂದುಕೊಂಡವರು ಎಡವುವುದು ಮರಿಯನ್ನು ಪಳಗಿಸುವ ಹಂತದಲ್ಲಿ.

ಮೊದಲು ಮರಿಯ ಆಯ್ಕೆ. ತಂದೆತಾಯಿ ಎರಡೂ ಕಾವಲಿನಲ್ಲಿ ದುಡಿದಿರಬೇಕು. ಕುರಿ ಅಟ್ಟುವ ಕೋಲಿಯಂತಹ ತಳಿಗಳು ಬೇಡವೇ ಬೇಡ, ಏಕೆಂದರೆ ಓಡುವುದನ್ನು ಬೆನ್ನಟ್ಟುವುದು ಅವುಗಳ ಹುಟ್ಟುಗುಣ. ಅಗ್ಗಕ್ಕೆ ಸಿಗುತ್ತದೆಂದು ಬೆರಕೆ ಮರಿ ತರುವುದೂ ನಷ್ಟದ ಬಾಬತ್ತೇ.

ಎರಡನೆಯದು ಪಳಗಿಸುವಿಕೆ. ಪೆಂಗ್ವಿನ್‌ಗಳ ಬಳಿಗೆ ಒಯ್ಯುವ ಮುನ್ನ ಇದು ಕೋಳಿಗಳ ಜೊತೆ ನಡೆಯಬೇಕು. ಎಂಟನೇ ವಾರದಿಂದ ಹದಿನಾರನೇ ವಾರದವರೆಗೆ ಮರಿಯ ಗೂಡು ಕೋಳಿಗಳ ಪಕ್ಕದಲ್ಲೇ, ನಡುವೆ ತಂತಿಬಲೆ ಮಾತ್ರ ಇರುವಂತೆ ಇರಲಿ. ಹಕ್ಕಿಗಳ ವಾಸನೆ, ಸದ್ದು, ರೆಕ್ಕೆಬಡಿತ ಅದಕ್ಕೆ ದಿನನಿತ್ಯದ್ದಾಗಬೇಕು. ನಂತರ ಹಗ್ಗ ಕಟ್ಟಿ, ಸೌಮ್ಯವಾದ ದೊಡ್ಡ ಹೇಂಟೆಗಳ ನಡುವೆ ಒಳಗೆ ಕರೆದೊಯ್ಯಿರಿ. ಮರಿ ಮುಂಗಾಲು ಚಾಚಿ, ಹಿಂಭಾಗ ಎತ್ತಿ, ಬಾಲ ಅಲ್ಲಾಡಿಸಿದರೆ ಅದು ಆಟಕ್ಕೆ ಕರೆಯುತ್ತಿದೆ. ನೋಡುವವರಿಗೆ ಮುದ್ದಾಗಿ ಕಾಣುವ ಈ ಆಟವೇ ಹಕ್ಕಿಯ ಪ್ರಾಣ ತೆಗೆಯುವುದು. ಹಗೆಯಿಂದಲ್ಲದೆ ಹುಡುಗಾಟಕ್ಕೆ ಹಿಡಿದು ಗರಿ ಕಿತ್ತರೂ ಹಕ್ಕಿ ಸಾಯುತ್ತದೆ. ಆ ಕ್ಷಣದಲ್ಲೇ ಗಡಸು ದನಿಯಲ್ಲಿ ತಡೆದು ಹೊರಗೆ ತನ್ನಿ. ಬದಲಿಗೆ ಅದು ಮುಖ ಪಕ್ಕಕ್ಕೆ ತಿರುಗಿಸಿ, ಕೋಳಿಗಳನ್ನು ಸುತ್ತುಹಾಕಿ ನಡೆದು, ಅವುಗಳ ನಡುವೆ ಮಲಗಿದರೆ ಮೆಲ್ಲನೆ ಹೊಗಳಿ. ಅಂಗಡಿಯವರು ಮಾರುವ ಕರೆಂಟ್ ಹೊಡೆಯುವ ಕೊರಳಪಟ್ಟಿಯನ್ನು ಕೊಳ್ಳಬೇಡಿ. ನೋವು ಕೊಟ್ಟದ್ದು ಹಕ್ಕಿಯೇ ಎಂದು ನಾಯಿ ತಿಳಿದರೆ ಹಕ್ಕಿಯ ಹತ್ತಿರವೇ ಸುಳಿಯದು.

ಆರನೇ ತಿಂಗಳ ನಂತರ, ಎಲ್ಲ ಕಲಿತಿದೆ ಎನ್ನುವಾಗ, ಬೆನ್ನಟ್ಟುವ ಚಾಳಿ ಮತ್ತೆ ತಲೆ ಎತ್ತುವುದುಂಟು. ಬಹಳಷ್ಟು ಮಂದಿ ಈ ವಯಸ್ಸಿನಲ್ಲೇ ನಾಯಿಯನ್ನು ಒಂಟಿಯಾಗಿ ಬಿಟ್ಟು ಕೆಡಿಸುತ್ತಾರೆ. ಎರಡು ವರ್ಷ ತುಂಬುವವರೆಗೆ ಪೂರ್ತಿ ನಂಬಬೇಡಿ. ಪಳಗಿದ ಹಿರಿಯ ನಾಯಿಯೊಂದು ಜೊತೆಗಿದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ.

ಮೂರನೆಯದಾಗಿ, ಹಗ್ಗ ಹಿಡಿದೇ ಪೆಂಗ್ವಿನ್‌ಗಳ ಬಿಲಗಳ ಬಳಿ ಅಡ್ಡಾಡಿಸಿ. ಅವು ಕಡಲಿನಿಂದ ಮರಳುವುದು ಮುಸ್ಸಂಜೆಗಾದ್ದರಿಂದ ಆ ಹೊತ್ತಿನ ಅಭ್ಯಾಸ ತಪ್ಪಿಸಬಾರದು. ಊಟ, ನೀರು, ನೆರಳು, ಜಂತುಹುಳದ ಔಷಧ ಎಲ್ಲ ನಾಯಿಗಳಿಗೂ ಇರುವಂತೆಯೇ.

ನಾಯಿ ನರಿಯನ್ನು ಕೊಲ್ಲಬೇಕಿಲ್ಲ. ಅದರ ಬೊಗಳುವಿಕೆ ಮತ್ತು ಅಲ್ಲಲ್ಲಿ ಮೂತ್ರದಿಂದ ಹಾಕುವ ಗುರುತು ನರಿಯನ್ನು ದೂರವಿಡುತ್ತವೆ. ಆದರೆ 2017ರಲ್ಲಿ ಕಡಲು ಪ್ರಕ್ಷುಬ್ಧವಾಗಿ ನಾಯಿಗಳನ್ನು ನಡುಗಡ್ಡೆಗೆ ಕರೆದೊಯ್ಯಲಾಗದಿದ್ದಾಗ ನರಿಗಳು ನುಗ್ಗಿ ಬಹಳಷ್ಟು ಪೆಂಗ್ವಿನ್‌ಗಳನ್ನು ಕೊಂದವು. ಆದ್ದರಿಂದ ನಾಯಿ ಎಷ್ಟೇ ನುರಿತದ್ದಾಗಿರಲಿ, ದಡದ ಕಡೆ ನರಿ ನಿಯಂತ್ರಣವನ್ನೂ ನಡುಗಡ್ಡೆಯಲ್ಲಿ ಕ್ಯಾಮೆರಾಗಳನ್ನೂ ಮೊದಲ ದಿನದಿಂದಲೇ ಇಟ್ಟುಕೊಳ್ಳಿ.