ಸಿಮ್ಸ್ 4ರಲ್ಲಿ ಸಿಂಹಾಸನಕ್ಕೆ ವಾರಸುದಾರರನ್ನು ಬೆಳೆಸುವುದು ಹೇಗೆ?

ಪಾತ್ರಗಳ ಇಡೀ ಬದುಕನ್ನೇ ನಾವು ನಡೆಸುವ ‘ದಿ ಸಿಮ್ಸ್ 4’ ಗೇಮ್‌ನಲ್ಲಿ ಸ್ವಂತ ರಾಜವಂಶ ಕಟ್ಟಿ, ತಲೆಮಾರಿನಿಂದ ತಲೆಮಾರಿಗೆ ಕಿರೀಟ ದಾಟಿಸುತ್ತಾ ಆಡುವುದರ ಖುಷಿಯೇ ಬೇರೆ. 2014ರಲ್ಲಿ ಬಂದ ಈ ಗೇಮ್‌ನ ಬೇಸ್ ಆವೃತ್ತಿ 2022ರ ಅಕ್ಟೋಬರ್‌ನಿಂದ ಉಚಿತವಾಗಿ ಸಿಗುತ್ತಿದೆ. ಆಡುವವರ ಗಮನವೆಲ್ಲ ಅರಮನೆ ಕಟ್ಟುವುದರ ಮೇಲೆ ಇರುತ್ತದೆ. ಆದರೆ ಒಳ್ಳೆಯ ರಾಜನೋ ರಾಣಿಯೋ ತಯಾರಾಗುವುದು ಟಾಡ್ಲರ್ ವಯಸ್ಸಿನಲ್ಲೇ, ಅಂದರೆ ಪುಟ್ಟ ಹೆಜ್ಜೆ ಇಡುವ ಮಗುವಾಗಿದ್ದಾಗಲೇ.

ಮೊದಲು ಕಾನೂನು

ಮಗು ಹುಟ್ಟುವ ಮೊದಲೇ ಉತ್ತರಾಧಿಕಾರದ ನಿಯಮ ಬರೆದಿಟ್ಟುಕೊಳ್ಳಿ. ಹಿರಿಯ ಮಗುವಿಗೇ ಪಟ್ಟವೇ? ದತ್ತು ಮಗುವಿಗೂ ಹಕ್ಕಿದೆಯೇ? ಆಮೇಲೆ ಬದಲಿಸಬೇಡಿ. ಇಷ್ಟದ ಮಗುವಿಗಾಗಿ ನಿಯಮ ತಿದ್ದಿದರೆ ಆಟದ ರುಚಿಯೇ ಹೋಗುತ್ತದೆ. ಒಂದು ಮನೆಯಲ್ಲಿ ಎಂಟೇ ಸಿಮ್‌ಗಳಿಗೆ (ಗೇಮ್‌ನ ಪಾತ್ರಗಳಿಗೆ) ಜಾಗ. ಹಾಗಾಗಿ ಜಾಸ್ತಿ ಮಕ್ಕಳು ಬೇಡ. ಆದರೆ ಎರಡನೆಯ ಮಗುವನ್ನೂ ಅಷ್ಟೇ ಶ್ರದ್ಧೆಯಿಂದ ಬೆಳೆಸಿ. ಬೆಂಕಿಗೋ ನೀರಿಗೋ ಸಿಕ್ಕಿ ಯುವರಾಜ ಸತ್ತರೆ ಮುಂದಿನವರು ಸಿದ್ಧರಿರಬೇಕು, ಅಲ್ವಾ?

ಟಾಡ್ಲರ್: ಇಲ್ಲೇ ಎಲ್ಲ ನಿರ್ಧಾರ

ಈ ವಯಸ್ಸಿನಲ್ಲಿ ಐದು ಸ್ಕಿಲ್‌ಗಳಿವೆ: ಮೂವ್‌ಮೆಂಟ್, ಕಮ್ಯುನಿಕೇಶನ್, ಇಮ್ಯಾಜಿನೇಶನ್, ಥಿಂಕಿಂಗ್ ಮತ್ತು ಪಾಟಿ (ಶೌಚದ ಅಭ್ಯಾಸ). ಮೊದಲ ನಾಲ್ಕನ್ನು 5ನೇ ಲೆವೆಲ್‌ಗೂ ಪಾಟಿಯನ್ನು 3ನೇ ಲೆವೆಲ್‌ಗೂ ಒಯ್ದರೆ ‘ಟಾಪ್-ನಾಚ್ ಟಾಡ್ಲರ್’ ಎಂಬ ಗುಣ ಸಿಗುತ್ತದೆ. ಅದಿರುವ ಸಿಮ್ ಮುಂದೆ ಎಲ್ಲ ಸ್ಕಿಲ್‌ಗಳನ್ನೂ ಬೇಗ ಕಲಿಯುತ್ತದೆ. ಈ ವಯಸ್ಸು ದಾಟಿದ ಮೇಲೆ ಇದನ್ನು ಗಳಿಸುವ ದಾರಿಯೇ ಇಲ್ಲ.

ಮಾತಿನಿಂದ ಶುರು ಮಾಡಿ. ದೊಡ್ಡವರು ಹತ್ತಿರ ಕೂತು ಮಾತಾಡಿಸಿದಷ್ಟೂ ಕಮ್ಯುನಿಕೇಶನ್ ಏರುತ್ತದೆ. ಆಮೇಲೆ ಫ್ಲ್ಯಾಶ್ ಕಾರ್ಡ್ ತೋರಿಸಿ ಥಿಂಕಿಂಗ್ ಕಲಿಸಿ. ದೊಡ್ಡವರು ಬೇರೆ ಕೆಲಸದಲ್ಲಿದ್ದಾಗ ಗೊಂಬೆ ಕೊಟ್ಟು ಬಿಡಿ, ಇಮ್ಯಾಜಿನೇಶನ್ ಬೆಳೆಯುತ್ತದೆ. ನಿದ್ದೆ, ಹಸಿವು ತೀರಿರದ ಮಗು ರಚ್ಚೆ ಹಿಡಿಯುತ್ತದೆ. ಮೊದಲು ಊಟ, ಆಮೇಲೆ ಪಾಠ. ಸಮಯ ಸಾಲದೆ ಹೋದರೆ ಸೆಟ್ಟಿಂಗ್ಸ್‌ನಲ್ಲಿ ಆಯಸ್ಸನ್ನು ‘ಲಾಂಗ್’ ಮಾಡಿ. ಅದು ಮೋಸವಲ್ಲ. ಅವಸರದ ಬಾಲ್ಯಕ್ಕಿಂತ ಅದೇ ಮೇಲು.

ಚೈಲ್ಡ್ ಆದಾಗ

ಮಕ್ಕಳ ಆಸ್ಪಿರೇಶನ್‌ಗಳಲ್ಲಿ (ಬದುಕಿನ ಗುರಿಗಳಲ್ಲಿ) ಆರ್ಟಿಸ್ಟಿಕ್ ಪ್ರಾಡಿಜಿ, ವಿಜ್ ಕಿಡ್, ಸೋಶಿಯಲ್ ಬಟರ್‌ಫ್ಲೈ, ರಾಂಬಂಕ್ಷಸ್ ಸ್ಕ್ಯಾಂಪ್ ಈ ನಾಲ್ಕು ಮುಖ್ಯ. ಒಂದು ಮುಗಿದ ತಕ್ಷಣ ಇನ್ನೊಂದಕ್ಕೆ ಬದಲಿಸಿ. ನಡುವೆ ಬದಲಿಸಿದರೂ ಅದುವರೆಗಿನ ಸಾಧನೆ ಅಳಿಸಿಹೋಗುವುದಿಲ್ಲ. ನಾಲ್ಕೂ ಆಗದಿದ್ದರೆ ಸೋಶಿಯಲ್ ಬಟರ್‌ಫ್ಲೈಯನ್ನಾದರೂ ಮುಗಿಸಿ. ಆಳುವವರಿಗೆ ಜನರೊಡನೆ ಬೆರೆಯಲು ಬರಬೇಕು. ಜೊತೆಗೆ ದಿನವೂ ಹೋಮ್‌ವರ್ಕ್.

ನಡತೆ ತಿದ್ದುವ ಕೆಲಸ

ನಿಮ್ಮಲ್ಲಿ 2017ರ ‘ಪೇರೆಂಟ್‌ಹುಡ್’ ಎಂಬ ಹೆಚ್ಚುವರಿ ಪ್ಯಾಕ್ ಇದ್ದರೆ ಆಟ ಇಲ್ಲಿ ನಿಜಕ್ಕೂ ಆಳವಾಗುತ್ತದೆ. ಇದಕ್ಕೆ ಹಣ ಕೊಡಬೇಕು, ಆದರೆ ರಾಜವಂಶದ ಆಟಕ್ಕೆ ಒಂದೇ ಪ್ಯಾಕ್ ಕೊಳ್ಳುವುದಾದರೆ ನಾನು ಹೇಳುವುದು ಇದನ್ನೇ. ಮ್ಯಾನರ್ಸ್, ಎಂಪತಿ, ರೆಸ್ಪಾನ್ಸಿಬಿಲಿಟಿ, ಎಮೋಶನಲ್ ಕಂಟ್ರೋಲ್, ಕಾನ್ಫ್ಲಿಕ್ಟ್ ರೆಸಲ್ಯೂಶನ್ ಎಂಬ ಐದು ಮೌಲ್ಯಗಳು ಏರುತ್ತಾ ಇಳಿಯುತ್ತಾ ಇರುತ್ತವೆ. ಊಟದ ಮೇಜು ಸಿದ್ಧಮಾಡಿದರೆ ಮ್ಯಾನರ್ಸ್ ಏರುತ್ತದೆ. ಹೋಮ್‌ವರ್ಕ್ ಮಾಡಿದರೆ, ತಟ್ಟೆ ತೊಳೆದರೆ ರೆಸ್ಪಾನ್ಸಿಬಿಲಿಟಿ. ಡೈರಿ ಬರೆದರೆ ಎಮೋಶನಲ್ ಕಂಟ್ರೋಲ್. ಅರಮನೆಯಲ್ಲಿ ಆಳುಕಾಳು ಇದ್ದರೂ ತಟ್ಟೆಯನ್ನು ಯುವರಾಣಿಯ ಕೈಯಲ್ಲೇ ತೊಳೆಸಿ. ತಪ್ಪು ಮಾಡಿದಾಗ ತಂದೆತಾಯಿ ತಿದ್ದುವ ಆಯ್ಕೆ ಬರುತ್ತದೆ, ಸುಮ್ನೆ ಬಿಡಬೇಡಿ. ಯಂಗ್ ಅಡಲ್ಟ್ (ಪ್ರಾಯದವರು) ಆಗುವ ದಿನ ಈ ಅಂಕಗಳೇ ಶಾಶ್ವತ ಗುಣಗಳಾಗುತ್ತವೆ. ಎಂಪತಿ ಚೆನ್ನಾಗಿದ್ದರೆ ಕರುಣೆಯ ದೊರೆ, ಕೆಳಗಿಳಿದಿದ್ದರೆ ಕಲ್ಲೆದೆಯ ದೊರೆ.

ಪಟ್ಟಾಭಿಷೇಕ

ಯಂಗ್ ಅಡಲ್ಟ್ ಆಗುವ ಹುಟ್ಟುಹಬ್ಬದ ಹಿಂದಿನ ದಿನ ಐದೂ ಮೌಲ್ಯಗಳನ್ನು ನೋಡಿಕೊಳ್ಳಿ. ಯಾವುದಾದರೂ ಹಿಂದಿದ್ದರೆ ಮೇಣದಬತ್ತಿ ಊದಿಸಲು ಆತುರ ಬೇಡ. ಮೂರನೆಯ ಸ್ವಭಾವ ಆರಿಸುವುದು ಈ ಹುಟ್ಟುಹಬ್ಬದಲ್ಲೇ. ಪಟ್ಟ ಸಿಗದ ಒಡಹುಟ್ಟಿದವರನ್ನು ಬೇರೆ ಮನೆಗೆ ಕಳಿಸುವಾಗ ಆ ಮನೆಯ ‘ನೇಬರ್‌ಹುಡ್ ಸ್ಟೋರೀಸ್’ ಸೆಟ್ಟಿಂಗ್ ಆಫ್ ಮಾಡಿ. ಇಲ್ಲದಿದ್ದರೆ ನಿಮ್ಮನ್ನು ಕೇಳದೆಯೇ ಅವರ ಬದುಕಿನಲ್ಲಿ ದೊಡ್ಡ ಬದಲಾವಣೆಗಳು ಆಗಿಬಿಡಬಹುದು.