ನಾಯಿಗಳ ಜೊತೆ ಜಿಂಕೆ ಬೇಟೆ: ಗುಂಪಿನಲ್ಲಿ ಹೋಗುವವರಿಗೆ

ಮೊದಲು ಕಾನೂನು ನೋಡಿಕೊಳ್ಳಿ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ, ಅಲ್ಲಿಗೆ ಮಾತು ಮುಗಿಯಿತು. ಅಮೆರಿಕದ ಟೆಕ್ಸಾಸ್‌ನಲ್ಲಿ ಬೇಟೆಗೆ ಅನುಮತಿ ಇದೆ, ಆದರೆ ಜಿಂಕೆಯ ಹಿಂದೆ ನಾಯಿ ಬಿಡುವುದನ್ನು 1990ರಲ್ಲೇ ನಿಲ್ಲಿಸಿದರು. ವರ್ಜೀನಿಯಾದಲ್ಲಿ ಬ್ಲೂ ರಿಡ್ಜ್ ಬೆಟ್ಟಸಾಲಿನ ಪೂರ್ವಕ್ಕೆ ಹೆಚ್ಚಿನ ಕಡೆ ಬಿಡಬಹುದು, ಪಶ್ಚಿಮಕ್ಕೆ ಬಿಡುವಂತಿಲ್ಲ. ಹಾಗಾಗಿ ಮುಂದೆ ಬರೆದಿರುವುದೆಲ್ಲ ಕಾನೂನು ಒಪ್ಪುವ ಜಾಗದಲ್ಲಿ, ಲೈಸೆನ್ಸ್ ಇರುವವರಿಗೆ.

ಈ ಬೇಟೆಯಲ್ಲಿ ಕೋವಿ ಹಿಡಿದವರು ಸಾಲಾಗಿ ನಿಂತು ಕಾಯುತ್ತಾರೆ, ನಾಯಿಗಳು ಜಿಂಕೆಯನ್ನು ಅವರ ಕಡೆಗೆ ಅಟ್ಟುತ್ತವೆ. ಬೆಳಿಗ್ಗೆ ಎಲ್ಲರೂ ಒಂದೆಡೆ ಸೇರಿ ನಕ್ಷೆ ಬಿಡಿಸಿ. ಯಾರು ಎಲ್ಲಿ ನಿಲ್ಲಬೇಕು, ನಾಯಿ ಎಲ್ಲಿಂದ ಬಿಡಬೇಕು ಅಂತ ಒಬ್ಬರೇ ಹೇಳಬೇಕು, ಉಳಿದವರು ಕೇಳಬೇಕು. ನಾಲ್ಕು ಜನ ಯಜಮಾನರಿರುವ ಗುಂಪಿನ ಜೊತೆ ಹೋಗಲೇಬೇಡಿ. ಕಿತ್ತಳೆ ಬಣ್ಣದ ಮೇಲಂಗಿ ಎಲ್ಲರಿಗೂ ಕಡ್ಡಾಯ, ನಾಯಿ ಹಿಡಿದವರಿಗೂ.

ನಾಯಿಗಳಿಗೆ ಹಿಂದಿನ ರಾತ್ರಿಯೇ ಊಟ ಹಾಕಿ. ಹೊಟ್ಟೆ ತುಂಬಾ ತಿಂದು ಓಡಿದರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಇದೆ, ಅದಾದರೆ ಕೆಲವೇ ಗಂಟೆಗಳಲ್ಲಿ ನಾಯಿ ಸಾಯಬಹುದು. ನಾಯಿಯ ಜಾತಿಯ ವಿಷಯಕ್ಕೆ ಬಂದರೆ, ನನ್ನ ಓಟು ಬೀಗಲ್ ಎಂಬ ಗಿಡ್ಡ ಕಾಲಿನ ಬೇಟೆನಾಯಿಗೆ. ವಾಕರ್ ಹೌಂಡ್ ಉದ್ದ ಕಾಲಿನದು, ಜಿಂಕೆಯನ್ನು ಜೋರಾಗಿ ಅಟ್ಟಿಕೊಂಡು ಎರಡು ಗುಡ್ಡ ದಾಟಿಸಿಬಿಡುತ್ತದೆ. ಬೀಗಲ್ ನಿಧಾನ. ಅದರ ಮುಂದೆ ಜಿಂಕೆ ಗಾಬರಿಯಾಗಿ ಹಾರುವುದಿಲ್ಲ, ನಿಂತು ನಿಂತು ತಿರುಗಿ ನೋಡುತ್ತಾ ಬರುತ್ತದೆ, ಹಾಗಾಗಿ ಸರಿಯಾಗಿ ನೋಡಿ ಈಡು ಹೊಡೆಯಲು ಸಮಯ ಸಿಗುತ್ತದೆ. ಚಿಕ್ಕ ಕಾಡಿಗಂತೂ ಬೀಗಲ್ಲೇ ಸರಿ.

ಈಗ ಮುಖ್ಯವಾದ ಮಾತು. ನಿಮಗೆ ಕೊಟ್ಟ ಜಾಗದಲ್ಲಿ ನಿಂತ ಮೇಲೆ ಅಲ್ಲಿಂದ ಕದಲಬೇಡಿ. ಜಿಂಕೆ ಪಕ್ಕದಲ್ಲೇ ಹೋಯಿತು, ಹತ್ತು ಹೆಜ್ಜೆ ಮುಂದೆ ಹೋದರೆ ಸಿಗುತ್ತಿತ್ತು ಅಂತ ಅನಿಸುತ್ತದೆ, ಎಲ್ಲರಿಗೂ ಅನಿಸುತ್ತದೆ, ಆದರೆ ಪಕ್ಕದವನು ನೀವು ಹಳೆಯ ಜಾಗದಲ್ಲೇ ಇದ್ದೀರಿ ಅಂತ ನಂಬಿಕೊಂಡು ಕೋವಿ ಎತ್ತುತ್ತಾನೆ. ನಿಂತ ತಕ್ಷಣ ಎಡಬಲದವರಿಗೆ ಕೈ ಬೀಸಿ, ಅವರೂ ಬೀಸಲಿ. ಸಾಲಿನ ಉದ್ದಕ್ಕೆ ಯಾವತ್ತೂ ಹೊಡೆಯಬೇಡಿ. ಸೋವುವವರು, ಅಂದರೆ ನಾಯಿಗಳ ಜೊತೆ ಜಿಂಕೆಯನ್ನು ಅಟ್ಟಿಕೊಂಡು ಬರುವವರು, ಬರುವ ದಿಕ್ಕಿಗೂ ಬೇಡ. ದಪ್ಪ ಚರೆಯ ತೋಟಾ ಆದರೆ 35 ಮೀಟರ್ ಒಳಗೆ ಬಂದರೆ ಮಾತ್ರ ಹೊಡೆಯಿರಿ, ಅದಕ್ಕಿಂತ ದೂರದಲ್ಲಿ ಚರೆ ಹರಡಿಕೊಂಡು ಪ್ರಾಣಿಗೆ ಸುಮ್ನೆ ಗಾಯವಾಗುತ್ತದೆ.

ನಾಯಿ ಬಿಟ್ಟ ಮೇಲೆ ಕಿವಿಯೇ ನಿಮ್ಮ ಕಣ್ಣು. ಜಾಡು ಹುಡುಕುವಾಗ ಅಲ್ಲೊಂದು ಇಲ್ಲೊಂದು ಬೊಗಳು ಕೇಳುತ್ತದೆ. ಜಿಂಕೆ ಎದ್ದ ಕೂಡಲೇ ಎಲ್ಲವೂ ಒಟ್ಟಿಗೆ, ಬಿಡುವಿಲ್ಲದೆ ಕೂಗುತ್ತವೆ. ಕೂಗು ಹತ್ತಿರ ಬರಲಿ ಅಂತ ಕಾಯಬೇಡಿ, ಜಿಂಕೆ ನಾಯಿಗಳಿಗಿಂತ ಎಷ್ಟೋ ಮುಂದೆ ಇರುತ್ತದೆ, ತಲೆ ತಗ್ಗಿಸಿಕೊಂಡು ಸದ್ದಿಲ್ಲದೆ ದಾಟಿಬಿಡುತ್ತದೆ. ಕೂಗು ಹಠಾತ್ತನೆ ನಿಂತರೆ ಜಿಂಕೆ ನೀರಿಗೆ ಇಳಿದಿರಬಹುದು, ಹಳ್ಳ ದಾಟಿದ ಮೇಲೆ ವಾಸನೆ ಕಡಿದುಹೋಗುತ್ತದೆ. ನೆಲ ತೇವವಾಗಿರುವ ಬೆಳಿಗ್ಗೆ ವಾಸನೆ ಚೆನ್ನಾಗಿ ನಿಲ್ಲುತ್ತದೆ, ಬಿಸಿಲೇರಿ ನೆಲ ಒಣಗಿದರೆ ನಾಯಿಗಳು ಪರದಾಡುತ್ತವೆ.

ಜಿಂಕೆ ಏಟು ತಿಂದು ಓಡಿದರೆ ಕೂಡಲೇ ಅದರ ಹಿಂದೆ ಓಡಬೇಡಿ. ಏಟು ಬಿದ್ದಾಗ ಅದು ಇದ್ದ ಜಾಗಕ್ಕೆ ಗುರುತು ಇಟ್ಟು ರಕ್ತ ನೋಡಿ. ನೊರೆ ಇರುವ ಕೆಂಪು ರಕ್ತ ಅಂದರೆ ಶ್ವಾಸಕೋಶಕ್ಕೆ ಬಿದ್ದಿದೆ, ಹತ್ತಿರದಲ್ಲೇ ಸಿಗುತ್ತದೆ. ಕಪ್ಪಗಿದ್ದರೆ ಅಥವಾ ಹುಲ್ಲಿನ ಚೂರು ಬೆರೆತಿದ್ದರೆ ಹೊಟ್ಟೆ ಭಾಗದ ಏಟು, ಕೆಲವು ಗಂಟೆ ಕಾಯಬೇಕು. ಆಮೇಲೆ ಒಂದೇ ನಾಯಿ, ಅದೂ ಹಗ್ಗದಲ್ಲಿ. ಹುಡುಕದೆ ಮನೆಗೆ ಹೋಗುವುದು ತಪ್ಪು, ನನಗೆ ಅದನ್ನು ಕಂಡರೆ ಆಗುವುದೇ ಇಲ್ಲ. ಸಿಕ್ಕ ಮೇಲೆ ಕರುಳು ಬೇಗ ತೆಗೆದು ಮಾಂಸ ತಣ್ಣಗಾಗಲು ಬಿಡಿ. ಪಾಲು ಎಲ್ಲರಿಗೂ ಸಮ.

ಸಂಜೆ ನಾಯಿಗಳನ್ನು ಎಣಿಸಿ, ಪಾದ, ಕಿವಿ ನೋಡಿ ಮುಳ್ಳು, ಉಣ್ಣೆ ಹುಳ ತೆಗೆಯಿರಿ. ಕುತ್ತಿಗೆಗೆ ಜಿಪಿಎಸ್ ಪಟ್ಟಿ ಇದ್ದರೂ ಬ್ಯಾಟರಿ ಮುಗಿದು ಒಂದು ನಾಯಿ ಉಳಿದುಹೋಗುತ್ತದೆ. ಆಗ ಅದನ್ನು ಬಿಟ್ಟ ಜಾಗದಲ್ಲೇ ನೀವು ಬೆವರಿದ ಅಂಗಿಯನ್ನು ನೆಲಕ್ಕೆ ಹಾಸಿ, ಪಕ್ಕದಲ್ಲಿ ನೀರು ಇಟ್ಟು ಬನ್ನಿ. ಬೆಳಗಾಗುವ ಮುಂಚೆ ಮತ್ತೆ ಹೋಗಿ ನೋಡಿ, ಎಷ್ಟೋ ಸಲ ಅದೇ ಅಂಗಿಯ ಮೇಲೆ ಮುದುಡಿಕೊಂಡು ಮಲಗಿರುತ್ತದೆ.